ನಾಲ್ಕು ಗಂಟೆಗೆ ಈರಪ್ಪನ ಕಟ್ಟೆಯ ಮೇಲೆ

2002ರ ಜನವರಿಯ ಒಂದು ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಟ್ರ್ಯಾಕ್ಟರ್ ಚಾಲಕ ಮಲ್ಲಪ್ಪ ಬೈಲಹೊಂಗಲದ ನಮ್ಮ ಪತ್ರಿಕಾ ಕಚೇರಿಯಲ್ಲಿ ನನ್ನೆದುರು ಕುಳಿತಿದ್ದ. ಅದೇ ಹೊತ್ತಿಗೆ ಅವನು ಸಂಗೊಳ್ಳಿಯಲ್ಲಿ ಟೇಲರ್ ಈರಪ್ಪನ ಮನೆಯ ಕಟ್ಟೆಯ ಮೇಲೂ ಕುಳಿತಿದ್ದ ಎಂಬುದು ಈರಪ್ಪನ ಮಾತು. ಇಂಥ ಸುದ್ದಿಗಳನ್ನು ನಾನು ಅದುವರೆಗೆ ಪೂರ್ತಿ ಓದದೆ ಬುಟ್ಟಿಗೆ ಹಾಕುತ್ತಿದ್ದೆ.

ಇಬ್ಬರೂ ಮದ್ಯವರ್ಜನ ಶಿಬಿರ ಮುಗಿಸಿದವರು. ಕುಡಿತ ಬಿಟ್ಟ ಹತ್ತು ಹನ್ನೆರಡು ಮಂದಿ ಮಂಗಳವಾರ ಸಂಜೆ ಸಂಗೊಳ್ಳಿಯ ಶಾಲೆಯ ಪಡಸಾಲೆಯಲ್ಲಿ ಸೇರುತ್ತಿದ್ದರು. ಒಬ್ಬೊಬ್ಬನಿಗೂ ಒಬ್ಬ ಜೋಡಿ. ಕುಡಿಯಬೇಕೆನಿಸಿದಾಗ ಜೋಡಿಯ ಕಟ್ಟೆಗೆ ಹೋಗಿ ಸುಮ್ಮನೆ ಕೂಡಬೇಕು. ಆ ಮನೆಯವರು ಬೆಲ್ಲ, ಚಹಾ ತಂದಿಡಬೇಕು, ಮಾತಾಡಿಸಬಾರದು. ಮಾತಾಡಿಸಿದರೆ ಮನುಷ್ಯ ನಾಚಿ ಎದ್ದು ನೇರ ಸಾರಾಯಿ ಅಂಗಡಿಗೆ ಹೋಗುತ್ತಾನೆ ಎಂಬುದು ಅವರ ಅನುಭವ. ಮಲ್ಲಪ್ಪನ ಜೋಡಿ ಈರಪ್ಪ. ಮಲ್ಲಪ್ಪ ಬಿಟ್ಟು ಆರು ತಿಂಗಳಾಗಿತ್ತು, ಈರಪ್ಪ ಎರಡು ವರ್ಷ. ಈರಪ್ಪನನ್ನು ನೋಡಿಯೇ ಉಳಿದವರು ಶಿಬಿರಕ್ಕೆ ಹೋಗಿದ್ದರು.

ಲೇಖನಕ್ಕೆಂದು ಮಲ್ಲಪ್ಪನನ್ನು ಕರೆಸಿದ್ದೆ. ವರದಿಗಾರರು ಕೇಳುವುದನ್ನೇ ಕೇಳಿದೆ: ಕುಡಿದಾಗ ಹೇಗನಿಸುತ್ತಿತ್ತು? ಅವನು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕುಳಿತ. ಗಡಿಯಾರ ನೋಡಿ ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ಎಂದು ಬರೆದುಕೊಂಡೆ. ಆಮೇಲೆ ಇಬ್ಬರೂ ಬಸ್ಸು ಹಿಡಿದು ಸಭೆಗೆ ಹೋದೆವು.

ಈರಪ್ಪ ನಮಗಿಂತ ಮೊದಲೇ ಬಂದಿದ್ದ. ಮಲ್ಲಪ್ಪನನ್ನು ಕಂಡು, "ಚಾ ಕುಡೀದನ ಯಾಕ ಎದ್ದು ಹೋದ್ಯೋ ತಮ್ಮಾ? ಬೆಲ್ಲಾ ಅಷ್ಟ ತಿಂದಿ," ಎಂದ.

"ಯಾವಾಗೋ ಅಣ್ಣಾ?"

"ನಾಕಕ್ಕ, ನಮ್ಮ ಕಟ್ಟಿ ಮ್ಯಾಲೆ. ನಮ್ಮಾಕಿ ತಂದಿಟ್ಟಳಲ್ಲ."

ಎಲ್ಲರೂ ನನ್ನನ್ನು ನೋಡಿದರು. ನಾಲ್ಕಕ್ಕೆ ಮಲ್ಲಪ್ಪ ನನ್ನ ಕಚೇರಿಯಲ್ಲಿದ್ದ ಎಂದೆ. ಬೇರೆ ಹೇಳುವಂತಿರಲಿಲ್ಲ.

ಹಿಂದಿನಿಂದ ಒಬ್ಬ ನಕ್ಕ. "ಈರಪ್ಪಣ್ಣ ಇವತ್ತ ಒಂದ ಸಾರಾಯಿ ಪಾಕೀಟ ಏರಿಸ್ಯಾನ. ಅದಕ್ಕ ಕಟ್ಟಿ ಮ್ಯಾಲೆ ಮಂದಿ ಕಾಣಾಕತ್ತಾರ."

ಗುಂಪಿನ ಹಿರಿಯ ನಗಲಿಲ್ಲ. "ಬಾಯಿ ತೋರ್ಸು ಈರಪ್ಪಾ," ಎಂದ. ಅನುಮಾನ ಬಂದವನ ಉಸಿರು ಮೂಸುವುದು ಅಲ್ಲಿಯ ರೂಢಿ. ಈರಪ್ಪ ಬಾಯಿ ತೆರೆದ. ವಾಸನೆ ಇರಲಿಲ್ಲ. ಹಿರಿಯ ಎರಡನೇ ಸಲವೂ ಮೂಸಿದ.

"ಮನಿಗೆ ಬಂದು ನೋಡ್ರಿ," ಎಂದು ಈರಪ್ಪ ನನಗೆ ಹೇಳಿದ. ಹೋದೆ. ಕಟ್ಟೆಯ ಮೇಲೆ ಲೋಟದಲ್ಲಿ ಚಹಾ ಕೆನೆಗಟ್ಟಿತ್ತು. ಪಕ್ಕದ ತಟ್ಟೆ ಖಾಲಿ. ಅವನ ಹೆಂಡತಿ ಗಂಗವ್ವ, "ಮಲ್ಲಪ್ಪನೇ ಬಂದಿದ್ದರೀ. ಮಾತಾಡ್ಸಬಾರದಂತ ಸುಮ್ನ ಒಳಗ ಹೋದೆ," ಎಂದಳು.

ಬಸ್ ನಿಲ್ದಾಣದವರೆಗೆ ಮಲ್ಲಪ್ಪ ಜೊತೆಗೆ ಬಂದ. "ನೀವು ಆ ಮಾತು ಕೇಳಿದ ಮ್ಯಾಲೆ ನನ್ನ ಮನಸು ಪೂರಾ ಈರಪ್ಪಣ್ಣನ ಕಟ್ಟಿ ಮ್ಯಾಲೇ ಇತ್ತರೀ ಸಾಹೇಬ್ರ. ಬಾಯಾಗ ಬೆಲ್ಲದ ರುಚಿ ಬಂದಂಗಾತು."

ಇದನ್ನು ಸಭೆಯಲ್ಲಿ ಹೇಳು ಎಂದೆ.

"ನಾನೂ ಕುಡದೇನಿ ಅಂತಾರ್ರಿ," ಎಂದ.

ಅವನು ಹೇಳಲಿಲ್ಲ. ನಾನೂ ಬರೆಯಲಿಲ್ಲ. ನಾನು ಕಂಡದ್ದು ನಿಜ, ಗಂಗವ್ವ ಸುಳ್ಳು ಹೇಳಿದಳೆಂದೂ ಅನಿಸಲಿಲ್ಲ. ಇವೆರಡನ್ನು ಒಟ್ಟಿಗೆ ಇಟ್ಟು ನೋಡಿದಾಗಲೆಲ್ಲ ಇಂದಿಗೂ ನನಗೆ ಏನೂ ಬಗೆಹರಿಯುವುದಿಲ್ಲ.

ಮುಂದಿನ ಮಂಗಳವಾರ ಈರಪ್ಪ ಸಭೆಗೆ ಬರಲಿಲ್ಲ; ತನ್ನ ಬಾಯಿ ಮೂಸಿದವರ ನಡುವೆ ಇನ್ನು ಕೂಡುವುದಿಲ್ಲ ಎಂದನಂತೆ. ಯುಗಾದಿಯ ಹೊತ್ತಿಗೆ ಮತ್ತೆ ಕುಡಿಯತೊಡಗಿದ್ದ. 2006ರಲ್ಲಿ ನನಗೆ ಬೈಲಹೊಂಗಲದಿಂದ ವರ್ಗವಾಗುವವರೆಗೂ ಮಲ್ಲಪ್ಪ ಕುಡಿದಿರಲಿಲ್ಲ. ಸಂಜೆಯಾದರೆ ಈರಪ್ಪನ ಕಟ್ಟೆಗೆ ಹೋಗಿ ಕೂಡುತ್ತಿದ್ದ. ಗಂಡನ ಪರ ಒಂದು ಮಾತೂ ಆಡದವನಿಗೆ ಗಂಗವ್ವ ಚಹಾ ಕೊಡುವುದನ್ನು ನಿಲ್ಲಿಸಿದ್ದಳು.