ಶಾರದೆಯ ಹೆಸರು ಬದಲಾಯಿಸಬೇಕಂತೆ

ಕೇಳಿ ಮಾರಾಯ್ರೇ, ಮಳೆಗಾಲದಲ್ಲಿ ಓದುವವರಿಗೆಂದು ನಾನೊಂದು ಕಾದಂಬರಿ ಅಚ್ಚು ಹಾಕುತ್ತಿದ್ದೇನೆ. ಅದನ್ನು ಬರೆದ ಮಾಸ್ಟ್ರು ಇವತ್ತು ವೇಣೂರಿನಿಂದ ಮೊದಲ ಬಸ್ಸಿಗೇ ಮೂಡಬಿದ್ರೆಗೆ, ನಮ್ಮ ಪ್ರೆಸ್ಸಿಗೆ ಓಡಿ ಬಂದರು.

"ನಾಯಕಿಯ ಹೆಸರು ಬದಲಾಯಿಸಬೇಕು. ನನ್ನ ಅಣ್ಣನ ಮಗಳೂ ಶಾರದೆಯೇ. ನಾಳೆ ಅವಳನ್ನು ನೋಡ್ಲಿಕ್ಕೆ ಗಂಡಿನ ಕಡೆಯವರು ಬರ್ತಾರೆ. ಪುಸ್ತಕದಲ್ಲಿ ಶಾರದೆ ಮನೆ ಬಿಟ್ಟು ಓಡುವುದುಂಟಲ್ಲ!"

"ಅರ್ಧ ಪುಸ್ತಕ ಅಚ್ಚಾಗಿ, ಜೋಡಿಸಿದ ಅಕ್ಷರದ ಮೊಳೆ ಬಿಚ್ಚಿಯೂ ಆಯ್ತು. ಈಗ ಹೇಳುವುದಾ?"

"ಉಳಿದರ್ಧದಲ್ಲಿ ಕಮಲ ಅಂತ ಮಾಡುವ."

"ಮತ್ತೆ ಶಾರದೆ ಎಲ್ಲಿಗೆ ಹೋದಳು ಅಂತ ಓದುವವರು ನನ್ನನ್ನು ಕೇಳ್ತಾರೆ!"

ಮಾಸ್ಟ್ರ ಮುಖ ಬಾಡಿತು. ಪಾಪ ಕಂಡು ಕೇಳಿದೆ, "ಆ ಗಂಡಿನ ಕಡೆಯವರು ಪುಸ್ತಕ ಓದುವವರಾ?"

"ಛೆ ಛೆ, ಒಳ್ಳೆಯ ಮನೆತನದವರು."

ಕಾದಂಬರಿ ಬರೆದವರೇ ಹೇಳುವ ಮಾತಿದು. ಶಾರದೆಯನ್ನು ಶಾರದೆಯಾಗಿಯೇ ಓಡಿಸಿದೆ.