ಬಂಡೆಯ ಮೇಲೆ ಸಿಗುವ ಟವರ್

ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ, ಎಂದರೆ ಕೆಲಸದವರ ಸಾಲುಮನೆಗಳಲ್ಲಿ, ಫೋನಿಗೆ ಟವರ್ ಸಿಗುವುದಿಲ್ಲ. ಲೈನಿನ ಹಿಂದೆ, ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಏರಿ ಹೋದರೆ ಒಂದು ಬಂಡೆ ಇದೆ. ಸಿಗುವುದು ಅದರ ಮೇಲೆ ಮಾತ್ರ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನಮಗೆ ಇದು ತಡವಾಗಿ ಗೊತ್ತಾಯಿತು.

ನಾನು ಆಗ ಗೋಣಿಕೊಪ್ಪಲಿನ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿದ್ದೆ. ಓದು ಬಿಟ್ಟು ತೋಟದ ಕೆಲಸಕ್ಕೆ ಇಳಿದ ಹುಡುಗ ಹುಡುಗಿಯರನ್ನು ತಲುಪುವುದು ನಮ್ಮ ಕೆಲಸ. ಸಭೆ ಕರೆದರೆ ಯಾರೂ ಬರುತ್ತಿರಲಿಲ್ಲ. ಹಂಚಿದ ಕರಪತ್ರಗಳಲ್ಲಿ ಅಂಗಡಿಯವರು ಬೋಂಡಾ ಕಟ್ಟಿಕೊಡುತ್ತಿದ್ದರು. ಫೋನು ಮಾತ್ರ ಪ್ರತಿ ಮನೆಯಲ್ಲೂ ಒಂದಿತ್ತು. ಹಾಗಾಗಿ ವಾಟ್ಸಾಪಿನಲ್ಲಿ ಒಬ್ಬೊಬ್ಬರಿಗೂ ದಿನಕ್ಕೊಂದು ಪ್ರಶ್ನೆ ಕಳಿಸತೊಡಗಿದೆವು, ಒಂದು ದಿನ ಆರೋಗ್ಯದ್ದು, ಇನ್ನೊಂದು ದಿನ ಕಾನೂನಿನದ್ದು. ಮೊದಲು ಸರಿಯುತ್ತರ ಕಳಿಸಿದವರಿಗೆ ರೀಚಾರ್ಜ್. ಬೆಳಿಗ್ಗೆ ಕಳಿಸಿ ನೋಡಿದೆವು, ಮಧ್ಯಾಹ್ನ ಕಳಿಸಿ ನೋಡಿದೆವು. ಸಂಜೆ ಆರೂವರೆಗೆ ಕಳಿಸಿದಾಗ ಉತ್ತರಗಳು ಸುರಿದವು. ಆ ಹೊತ್ತಿಗೆ ಅವರು ಬಿಡುವಾಗಿ ಮನೆಯಲ್ಲಿ ಕೂತಿರುತ್ತಾರೆ ಎಂದುಕೊಂಡೆವು.

ಎಲ್ಲರಿಗಿಂತ ಚುರುಕಾಗಿ ಉತ್ತರಿಸುತ್ತಿದ್ದವಳು ಆ ಲೈನಿನ ಒಬ್ಬ ಹುಡುಗಿ. ಪಿಯುಸಿ ಅರ್ಧಕ್ಕೆ ಬಿಟ್ಟು, ತಾಯಿಯ ಜೊತೆ ಕಾಫಿ ಹಣ್ಣು ಕೊಯ್ಯುವ ಪಿಕಿಂಗಿಗೆ ಹೋಗುತ್ತಿದ್ದಳು. ಮಾರ್ಚಿನ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದಳು. ಗೆದ್ದ ರೀಚಾರ್ಜಿನಲ್ಲಿ ಪಾಠದ ವಿಡಿಯೊಗಳನ್ನು ಇಳಿಸಿಕೊಂಡು ಮನೆಯಲ್ಲಿ ಕೂತು ನೋಡುತ್ತಿದ್ದಳು. ಅವಳನ್ನು ಕಾಣಲು ಒಂದು ದಿನ ಹೋದೆ. ತಾಯಿ ಮಗಳು ನನ್ನನ್ನು ಬಂಡೆಗೆ ಕರೆದೊಯ್ದರು. ಒಳ್ಳೆಯ ಬಿಸಿಲಿತ್ತು. ದಾರಿಯಲ್ಲಿ ಒಂದು ಕಡೆ ಆನೆಯ ಲದ್ದಿ ಒಣಗಿ ಬಿದ್ದಿತ್ತು.

“ನಿಮ್ ಪ್ರಶ್ನೆ ಸುಲಭ ಅಕ್ಕ, ಟವರೇ ಕಷ್ಟ,” ಎಂದಳು ಹುಡುಗಿ.

“ಒತ್ತೋಕೆ ಇವ್ಳು, ಟಾರ್ಚ್ ಹಿಡಿಯೋಕೆ ನಾನು,” ಎಂದರು ತಾಯಿ. “ನಂಗೂ ಒಂದು ರೀಚಾರ್ಜ್ ಹಾಕ್ಸಿ ಮೇಡಂ.”

“ನಿಂಗೆ ಫೋನೆಲ್ಲಿದೆಯಮ್ಮಾ?”

“ಅಯ್ಯೋ, ನಿನ್ ಕೈಲಿರೋದು ಯಾರದ್ದೇ ಹಂಗಾದ್ರೆ?”

ಮೂವರೂ ನಕ್ಕೆವು. ಬಂಡೆ ಹತ್ತುತ್ತಿದ್ದಂತೆ ಆ ಫೋನು ಒಂದೇ ಸಮನೆ ಸದ್ದು ಮಾಡಿತು. ಬೆಳಗಿನಿಂದ ಬಾಕಿ ಉಳಿದ ಸಂದೇಶಗಳೆಲ್ಲ ಒಟ್ಟಿಗೆ ಬಂದವು. ಆನೆಗಳು ಯಾವ ತೋಟದಲ್ಲಿವೆ ಎಂದು ಎಚ್ಚರಿಸುವ ಅರಣ್ಯ ಇಲಾಖೆಯ ಸಂದೇಶವೂ ಅವುಗಳಲ್ಲಿತ್ತು. ಅದು ಆ ಭಾಗದಲ್ಲಿ ಎಲ್ಲರ ಫೋನಿಗೂ ದಿನವೂ ಬರುತ್ತದೆ.

ಮರುದಿನ ಆಫೀಸಿನಲ್ಲಿ ಹೇಳಿದೆ: ಅವರು ಮನೆಯಲ್ಲಿ ಕೂತು ಉತ್ತರಿಸುತ್ತಿಲ್ಲ, ಕತ್ತಲಾಗುವ ಹೊತ್ತಿಗೆ ತೋಟದೊಳಗೆ ನಡೆದು ಹೋಗುತ್ತಿದ್ದಾರೆ. ಸಮಯ ಬದಲಾಯಿಸುವ ಮಾತು ಬಂತು. “ಆರೂವರೆ ಬಿಟ್ರೆ ಯಾರೂ ನೋಡಲ್ಲ. ಪಿಕಿಂಗ್ ಮುಗೀಲಿ, ಆಮೇಲೆ ನೋಡೋಣ,” ಎಂದರು ಜೊತೆಯವರು. ಪಿಕಿಂಗ್ ಮುಗಿಯಲು ಹೆಚ್ಚು ದಿನವಿರಲಿಲ್ಲ. ನಾನೂ ಒಪ್ಪಿದೆ.

ಆ ಸಂಜೆಯ ಪ್ರಶ್ನೆ ರಕ್ತ ಕಡಿಮೆ ಇರುವವರು ಯಾವ ಸೊಪ್ಪು ತಿಂದರೆ ಒಳ್ಳೆಯದು ಎಂಬುದು. ಅವಳ ಹೆಸರಿನ ಮುಂದೆ ಸ್ವಲ್ಪ ಹೊತ್ತು ಒಂದೇ ಟಿಕ್ ಇತ್ತು. ಆಮೇಲೆ ಎರಡಾಯಿತು. ಬಂಡೆ ತಲುಪಿದಳು ಎಂದು ತಿಳಿಯಿತು. ಕೂಡಲೇ ಉತ್ತರ ಬಂತು: ನುಗ್ಗೆ ಸೊಪ್ಪು. ಉಳಿದವರ ಉತ್ತರಗಳಿಗೆ ಕಾದು, ಕೊನೆಗೆ ಅವಳಿಗೆ ಚಪ್ಪಾಳೆಯ ಚಿತ್ರ ಕಳಿಸಿದೆ. ಅದಕ್ಕೆ ಒಂದೇ ಟಿಕ್ ಬಿತ್ತು. ಇಳಿದು ಹೋಗಿರಬೇಕು ಎಂದುಕೊಂಡು ಫೋನು ಬದಿಗಿಟ್ಟೆ.

ಬೆಳಿಗ್ಗೆ ಎಸ್ಟೇಟಿನ ರೈಟರು, ಎಂದರೆ ಕೆಲಸದವರ ಹಾಜರಿ ಬರೆಯುವವರು, ಫೋನು ಮಾಡಿದರು. “ಮೇಡಂ, ನಿನ್ನೆ ಸಂಜೆ ನಿಮ್ ಹುಡುಗಿ ತಾಯೀನ ಆನೆ ತುಳೀತು. ಅಲ್ಲೇ ಹೋದ್ರು.”

ಮಣ್ಣು ಮಾಡಿದ ಮೇಲೆ ಹೋದೆ. ಹುಡುಗಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಮೊಣಕೈ ತರಚಿತ್ತು. ಅವಳೇ ಹೇಳಿದಳು.

“ಎರಡೂ ಒಟ್ಟಿಗೆ ಬಂತಕ್ಕ. ನಿಮ್ದೂ, ಆನೇದೂ. ನಿಮ್ದು ಮೊದ್ಲು ತೆಗ್ದೆ. ಅದು ದಿನಾ ಬರ್ತದಲ್ಲ, ಇಳೀತಾ ನೋಡೋಣ ಅಂತ.”

ಇಳಿಯುತ್ತಾ ಅವಳು ಅದನ್ನು ತೆರೆದಿದ್ದಳು. ಅದರಲ್ಲಿ ಅವರದ್ದೇ ತೋಟದ ಹೆಸರಿತ್ತು. ಕೂಗಿ ಹೇಳುವಷ್ಟರಲ್ಲಿ ಮುಂದೆ ಹೋಗುತ್ತಿದ್ದ ತಾಯಿಯ ಟಾರ್ಚು ಕೆಳಗೆ ಬಿತ್ತು. ಅದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಆಮೇಲೆ ಕೇಳಿದಳು, “ಉತ್ತರ ಸರಿ ಇತ್ತಾ ಅಕ್ಕ?”

“ಸರಿ ಇತ್ತು.”

“ಅಮ್ಮ ಹೇಳಿದ್ದು ಅದು. ನಂಗೆ ಗೊತ್ತಿರ್ಲಿಲ್ಲ.”

ಈಗ ನಾವು ಸಂಜೆ ಏನನ್ನೂ ಕಳಿಸುವುದಿಲ್ಲ. ಸಂತೆಯ ದಿನ ಬೆಳಿಗ್ಗೆ, ಲೈನಿನವರೆಲ್ಲ ಪೇಟೆಗೆ ಬಂದಿರುವಾಗ, ಕಳಿಸುತ್ತೇವೆ. ಮೊದಲು ಬಂದವರಿಗೆ ಎಂಬುದನ್ನು ತೆಗೆದುಹಾಕಿದೆವು. ಉತ್ತರಗಳು ಕಡಿಮೆಯಾಗಿವೆ. ಹೀಗೇಕೆ ಎಂದು ಹೊರಗಿನವರು ಕೇಳಿದರೆ ಆ ಬಂಡೆಯ ವಿಷಯ ಹೇಳುತ್ತೇನೆ. ಕೆಲವರು ಬರೆದುಕೊಳ್ಳುತ್ತಾರೆ.

ಮಾರ್ಚಿನಲ್ಲಿ, ಅವಳ ಪರೀಕ್ಷೆಯ ಮೊದಲ ದಿನ, ನಾನು ಕಾಲೇಜಿನ ಗೇಟಿನ ಬಳಿ ನಿಂತಿದ್ದೆ. ಅವಳು ಬರುತ್ತಾಳೆ ಎಂದು ಯಾರೂ ಹೇಳಿರಲಿಲ್ಲ. ಪಾಲಿಬೆಟ್ಟದ ಕಡೆಯಿಂದ ಬಂದ ಬಸ್ಸಿನಿಂದ ಇಳಿದವರನ್ನೆಲ್ಲ ನೋಡಿದೆ, ಅವಳಿರಲಿಲ್ಲ. ಗಂಟೆ ಹೊಡೆದ ಮೇಲೆ ಕಾವಲುಗಾರ ಗೇಟು ಹಾಕಿದ. ಮರಳಿ ಬರುತ್ತಾ ಫೋನು ತೆಗೆದು ನೋಡಿದೆ. ಆ ಸಂಜೆ ಅವಳಿಗೆ ಕಳಿಸಿದ ಚಪ್ಪಾಳೆಯ ಮುಂದೆ ಇನ್ನೂ ಒಂದೇ ಟಿಕ್ ಇತ್ತು.