ಬೋರ್ಡಿನಲ್ಲಿ ಬರೆದ ದರ

ಬೆನ್ನು ನೋವೆಂದು ಬರುವವರಿಗೆ ನರಳಲು ನಾಚಿಕೆಯಿಲ್ಲ, ದುಡ್ಡು ಕೊಡುವಾಗ ಮಾತ್ರ ಎಲ್ಲಿಲ್ಲದ ನಾಚಿಕೆ ಬರುತ್ತದೆ. ಅರ್ಧ ಗಂಟೆ ನನ್ನ ಮಂಚದ ಮೇಲೆ ಬೋರಲು ಮಲಗಿ ಬೊಬ್ಬೆ ಹಾಕಿದವರು ಎದ್ದು, ಅಂಗಿ ಸರಿಮಾಡಿಕೊಂಡು, ಬಾಗಿಲ ಹತ್ತಿರ ನಿಂತು ಗೋಡೆ ನೋಡುತ್ತಾ ಕೇಳುತ್ತಾರೆ: “ಹಾಗಾದ್ರೆ ಎಂತ ಕೊಡ್ಬೇಕು ಡಾಕ್ಟ್ರೆ?” ಅವರು ನೋಡುತ್ತಿರುವ ಗೋಡೆಯ ಮೇಲೆಯೇ ದರ ಬರೆದ ಬೋರ್ಡು ತೂಗುತ್ತಿರುತ್ತದೆ.

ನಾನು ಫಿಸಿಯೋಥೆರಪಿ ಓದಿದವಳು. ಬೆನ್ನೆಲುಬನ್ನು ಕೈಯಿಂದಲೇ ಒತ್ತಿ, ತಿರುಗಿಸಿ ಸಡಿಲ ಮಾಡುವ ವಿದ್ಯೆಯನ್ನು ಆಮೇಲೆ ಬೇರೆಯಾಗಿ ಕಲಿತೆ. ಪುತ್ತೂರಿನ ದರ್ಬೆಯಲ್ಲಿ ಒಂದು ಮೆಡಿಕಲ್ ಅಂಗಡಿಯ ಮಾಳಿಗೆಯ ಮೇಲೆ ನನ್ನ ಕ್ಲಿನಿಕ್ ಇದೆ. ಬೆನ್ನು ನೋವಿನವರನ್ನು ಮೆಟ್ಟಿಲು ಹತ್ತಿಸುವ ಕ್ಲಿನಿಕ್ ಎಂದು ಊರವರು ನಗುತ್ತಾರೆ. ನಗಲಿ, ನಾನು ಕೆಳಗೆ ಅಂಗಡಿ ಹಿಡಿದರೆ ಅದರ ಬಾಡಿಗೆಯನ್ನು ಅವರೇನೂ ಕೊಡುವುದಿಲ್ಲ.

ಬೋರ್ಡು ಹಾಕಿಸಿದ್ದಕ್ಕೆ ಒಂದು ಕಾರಣವಿತ್ತು. ನಮ್ಮ ಕಡೆ ಉಳುಕು ತೆಗೆಯುವ, ಎಲುಬು ಕೂರಿಸುವ ನಾಟಿ ವೈದ್ಯರಿಗೆ ದರವೆಂಬುದಿಲ್ಲ. ಅವರು ಬಾಯಿಬಿಟ್ಟು ಕೇಳಬಾರದು. ರೋಗಿ ವೀಳ್ಯದೆಲೆಯಲ್ಲಿ ಅಡಿಕೆಯ ಜೊತೆ ತನ್ನ ಶಕ್ತಿಯಿದ್ದಷ್ಟು ಇಟ್ಟು, ಅದನ್ನು ವೈದ್ಯರ ಕೈಗೆ ಕೊಡದೆ ಪಕ್ಕದಲ್ಲಿಟ್ಟು ಹೋಗಬೇಕು. ಎಷ್ಟಿಟ್ಟೆ ಎಂದು ಹೊರಗೆ ಯಾರಿಗೂ ಹೇಳಬಾರದು, ಹೇಳಿದರೆ ಮದ್ದು ತಾಗುವುದಿಲ್ಲ. ಪುಕ್ಕಟೆ ತೆಗೆದುಕೊಂಡರೂ ತಾಗುವುದಿಲ್ಲ. ಈ ಪದ್ಧತಿಯನ್ನು ಸಭೆಗಳಲ್ಲಿ ಹೊಗಳಿ ಗದ್ಗದರಾಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೇಳಲು ಒಬ್ಬನಿಗೆ ಬಾಯಿಲ್ಲ, ಹೇಳಲು ಇನ್ನೊಬ್ಬನಿಗೆ ಬಾಯಿಲ್ಲ, ನಡುವೆ ಒಂದು ಬಡಪಾಯಿ ಎಲೆ. ನನ್ನ ಹತ್ತಿರ ಆ ಕಳ್ಳಾಟ ಬೇಡವೆಂದು ದರವನ್ನು ದಪ್ಪ ಅಕ್ಷರದಲ್ಲಿ ಬರೆಸಿದೆ.

ಆ ದರವನ್ನು ಗೊತ್ತುಮಾಡುವ ಮೊದಲು ನಮ್ಮ ವೃತ್ತಿಯವರೆಲ್ಲ ಸೇರಿ ಒಂದು ಸಭೆ ಮಾಡಿದ್ದೆವು. ಮೂರು ತಾಲೂಕಿಗೂ ಒಂದೇ ದರ ಇರಬೇಕು, ಯಾರೂ ಕಡಿಮೆ ಮಾಡಬಾರದು ಎಂದು ಮೇಜು ಗುದ್ದಿ ತೀರ್ಮಾನವಾಯಿತು. ಊಟಕ್ಕೆ ಕೋರಿ ರೊಟ್ಟಿ ಇತ್ತು, ಅದೊಂದೇ ಆ ದಿನದ ಸತ್ಯ. ಮರುವಾರದೊಳಗೆ ಪ್ರತಿಯೊಬ್ಬರೂ ಒಬ್ಬರಿಗಿಂತ ಒಬ್ಬರು ಐವತ್ತು ರೂಪಾಯಿ ಇಳಿಸಿಕೊಂಡು ಕೂತಿದ್ದರು. ಮೇಜನ್ನು ಎಲ್ಲರಿಗಿಂತ ಜೋರಾಗಿ ಗುದ್ದಿದವನು ನೂರು ಇಳಿಸಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವರು ಮಾನವನ್ನು ಅಡಿಕೆ ಸಿಪ್ಪೆಗೇ ಕೊಟ್ಟರು.

ಇನ್ನೊಬ್ಬ ಇದ್ದಾನೆ, ಅವನ ದಾರಿಯೇ ಬೇರೆ. ಎಲ್ಲೋ ವಾರಾಂತ್ಯದ ತರಬೇತಿ ಮುಗಿಸಿ ಬಂದು ‘ಕೈರೋಪ್ರಾಕ್ಟಿಕ್’ ಎಂದು ಬೆಳಕಿನ ಬೋರ್ಡು ಹಾಕಿದ. ಜನರ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿ ಆ ಸದ್ದನ್ನು ಮೊಬೈಲಿನಲ್ಲಿ ಹರಿಯಬಿಡುತ್ತಾನೆ. ನೋವು ಎಲ್ಲಿ ಎಂದು ಅವನು ಕೇಳುವುದು ಎರಡನೆಯ ಪ್ರಶ್ನೆ. ಮೊದಲನೆಯದು, “ಇನ್ಶೂರೆನ್ಸ್ ಉಂಟಾ?” ಇದ್ದವರಿಗೆ ಒಂದು ದರ, ಇಲ್ಲದವರಿಗೆ ಅದರ ಅರ್ಧ. ಅವನ ಬಿಲ್ಲುಗಳು ನುಣುಪು ಕಾಗದದ ಮೇಲೆ ಇಂಗ್ಲಿಷಿನಲ್ಲಿರುತ್ತವೆ, ಕಂಪೆನಿಗಳು ತುಟಿಪಿಟಿಕ್ಕೆನ್ನದೆ ಹಣ ಕೊಡುತ್ತವೆ. ಅವನನ್ನು ಕಂಡರೆ ನನಗೆ ಅಸಹ್ಯ, ಅದನ್ನು ಮುಚ್ಚಿಡುವ ಕಷ್ಟವನ್ನೂ ನಾನು ತೆಗೆದುಕೊಳ್ಳುವುದಿಲ್ಲ.

ಕಾಣಿಯೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಹೆಂಗಸೊಬ್ಬರು ನನ್ನಲ್ಲಿಗೆ ಬಂದದ್ದು ಈ ಎಲ್ಲದರ ನಡುವೆ. ನನಗಿಂತ ಹಿರಿಯರು, ಹಾಗಾಗಿ ಅಕ್ಕ ಎನ್ನುತ್ತಿದ್ದೆ. ಮಂಗಳೂರಿನಲ್ಲಿ ಅವರ ಬೆನ್ನಿನ ಡಿಸ್ಕಿಗೆ ಆಪರೇಷನ್ ಆಗಿತ್ತು. ನೋವು ಹೋಗಿತ್ತು, ಆದರೆ ಬಲಗಾಲಿನ ಪಾದ ಜೋತುಬಿದ್ದಿತ್ತು. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು. ಅವರದ್ದು ಕಾಲಿನಿಂದ ತುಳಿಯುವ ಮೆಷಿನು. ಬಲಪಾದ ಏಳದಿದ್ದರೆ ಹೊಲಿಗೆ ಇಲ್ಲ, ಹೊಲಿಗೆ ಇಲ್ಲದಿದ್ದರೆ ಆ ಮನೆಯಲ್ಲಿ ಬೇರೆ ಸಂಪಾದನೆಯೂ ಇರಲಿಲ್ಲ.

ಮೊದಲು ಹೆಬ್ಬೆರಳು ಅಲುಗಿತು. ಕೆಲವು ವಾರಗಳಲ್ಲಿ ಪಾದ ನೆಲದಿಂದ ಎರಡು ಬೆರಳಿನಷ್ಟು ಏಳತೊಡಗಿತು. ನನಗೆ ಆದ ಸಂತೋಷವನ್ನು ಯಾಕೆ ಬಚ್ಚಿಡಲಿ, ಆ ದಿನ ಕೆಳಗಿನ ಮೆಡಿಕಲಿನವರಿಗೂ ಕೇಳುವಂತೆ ಕೂಗಿಬಿಟ್ಟೆ. ಅಕ್ಕನಿಗೆ ಒಂದೇ ಎಚ್ಚರಿಕೆ ಹೇಳಿದ್ದೆ: “ನರ ಈಗ ಏಳ್ತಾ ಉಂಟು. ಈಗ ಬಿಟ್ರೆ ಪುನಃ ಮಲಗ್ತದೆ. ಮತ್ತೆ ಎಬ್ಬಿಸ್ಲಿಕ್ಕೆ ನನ್ನಿಂದ ಆಗುದಿಲ್ಲ, ಯಾರಿಂದ್ಲೂ ಆಗುದಿಲ್ಲ.” ಅವರು ತಲೆಯಾಡಿಸಿದ್ದರು.

ಪ್ರತಿ ಸಲ ಹೋಗುವಾಗ ಅವರು ನನ್ನ ಮೇಜಿನ ಮೂಲೆಯಲ್ಲಿ ಮಡಚಿದ ವೀಳ್ಯದೆಲೆ ಇಟ್ಟು, ಮುಖ ತಿರುಗಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಒಳಗೆ ಬೋರ್ಡಿನಲ್ಲಿ ಬರೆದಷ್ಟೇ ಹಣ, ಮೇಲೆ ಒಂದು ರೂಪಾಯಿಯ ನಾಣ್ಯ ಇರುತ್ತಿತ್ತು. ಎಲೆ ಬೇಡ ಅಕ್ಕ ಎಂದು ಗದರಿಸಿದರೂ ಕೇಳಲಿಲ್ಲ. ನಾನು ತಿಂಗಳಿಗೊಂದು ಬಿಲ್ಲು ಬರೆದುಕೊಡುತ್ತಿದ್ದೆ. ಅವರ ಆರೋಗ್ಯ ವಿಮೆಯಲ್ಲಿ, ಆಸ್ಪತ್ರೆಯಿಂದ ಬಂದ ಮೇಲೆ ಕೆಲವು ಕಾಲ ಇಂಥ ಚಿಕಿತ್ಸೆಯ ಖರ್ಚನ್ನೂ ಕಂಪೆನಿ ಹಿಂದಕ್ಕೆ ಕೊಡಬೇಕೆಂದಿತ್ತು. ಆ ಹಣ ಬಂದರೆ ಮುಂದಿನ ತಿಂಗಳ ಚಿಕಿತ್ಸೆ ಎಂಬುದು ಅವರ ಲೆಕ್ಕ.

ಒಂದು ಬೆಳಿಗ್ಗೆ ಅವರು ಮಂಚದ ಮೇಲೆ ಅಂಗಾತ ಮಲಗಿದ್ದಾಗ ಕಂಪೆನಿಯಿಂದ ಫೋನು ಬಂತು. ಮಲಗಿದಲ್ಲಿಂದಲೇ ಸ್ಪೀಕರಿಗೆ ಹಾಕಿದರು. ಬೆಂಗಳೂರು ಕಡೆಯ ಕನ್ನಡದಲ್ಲಿ ಒಬ್ಬ ಹುಡುಗಿ ಹೆಸರು, ವಿಳಾಸ ಕೇಳಿ ಕೊನೆಗೆ ವಿಷಯಕ್ಕೆ ಬಂದಳು.

“ಡಾಕ್ಟ್ರು ಒಂದ್ಸಲಕ್ಕೆ ಎಷ್ಟು ಚಾರ್ಜ್ ಮಾಡ್ತಾರೆ ಮೇಡಂ?”

“ಅವ್ರು ಎಂತದೂ ಕೇಳುದಿಲ್ಲ,” ಎಂದರು ಅಕ್ಕ.

ನಾನು ಅವರ ಪಾದ ಬಿಟ್ಟೆ.

“ಅಂದ್ರೆ ನೀವು ದುಡ್ಡು ಕೊಟ್ಟಿಲ್ವಾ?”

“ಅದೆಲ್ಲ ಹೇಳ್ಲಿಕ್ಕುಂಟಾ? ನಮ್ಮ ಮನಸ್ಸಿಗೆ ಕಂಡದ್ದು ನಾವು ಇಡುದು. ಅವ್ರು ದುಡ್ಡಿನ ಆಸೆಯವ್ರಲ್ಲ.”

ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿದೆ, ತಲೆ ಚಚ್ಚಿಕೊಂಡೆ. ಸುಮ್ಮನಿರಿ ಎಂಬಂತೆ ಅಕ್ಕ ಅಂಗೈಯನ್ನು ಗಾಳಿಯಲ್ಲಿ ಆಡಿಸಿದರು. ನಾನು ಫೋನು ಕಿತ್ತುಕೊಳ್ಳುವಷ್ಟರಲ್ಲಿ ಆ ಹುಡುಗಿ ಧನ್ಯವಾದ ಹೇಳಿ ಇಟ್ಟಾಗಿತ್ತು.

“ಎಂತ ಮಾಡಿದ್ರಿ ಮಾರಾಯ್ತಿ ನೀವು?”

“ಮತ್ತೆಂತ? ಕಂಡವ್ರ ಹತ್ರ ನಿಮ್ಮ ಮರ್ಯಾದೆ ತೆಗೀಲಿಕ್ಕೆ ಆಗ್ತದಾ ಡಾಕ್ಟ್ರೆ? ಇಷ್ಟಿಷ್ಟು ತಗೊಳ್ತಾರೆ ಅಂತ ಹೇಳ್ಲಿಕ್ಕೆ ನಾನೆಂತ ಮೀನು ತಗೊಂಡದ್ದಾ? ಮತ್ತೆ, ಹೇಳಿದ್ರೆ ಮದ್ದು ಸಹ ತಾಗುದಿಲ್ಲ.” ಅವರ ಮುಖದಲ್ಲಿ ನನ್ನನ್ನು ಕಾಪಾಡಿದ ತೃಪ್ತಿಯಿತ್ತು.

ನಾನು ಕಂಪೆನಿಗೆ ಫೋನು ಮಾಡಿದೆ. ನನ್ನ ಕರೆ ಅವರಿಗೆ ಅಮೂಲ್ಯವೆಂದು ಒಂದು ಯಂತ್ರ ಪದೇ ಪದೇ ಹೇಳಿತು, ಮನುಷ್ಯರು ಯಾರೂ ಹಾಗೆ ಹೇಳಲಿಲ್ಲ. ಕ್ಲೇಮು ತಿರಸ್ಕೃತವಾಯಿತು. ಚಿಕಿತ್ಸೆ ಕೊಡುವವರು ಶುಲ್ಕ ಪಡೆಯುವುದಿಲ್ಲವೆಂದು ಪಾಲಿಸಿದಾರರೇ ಒಪ್ಪಿದ್ದಾರೆ, ಬಿಲ್ಲಿನಲ್ಲಿರುವ ದರವೂ ಈ ಪ್ರದೇಶದಲ್ಲಿ ರೂಢಿಯಲ್ಲಿರುವ ನ್ಯಾಯವಾದ ದರವೆಂದು ಕಾಣುವುದಿಲ್ಲ ಎಂದು ಬರೆದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ ಹೆಂಗಸು ಸುಳ್ಳಿ, ನಾನು ಸುಳ್ಳು ಬಿಲ್ಲಿನವಳು, ಮೊದಲು ಇನ್ಶೂರೆನ್ಸ್ ಕೇಳುವ ಆ ಲಟಕ್ಕನವನು ಮಾತ್ರ ನ್ಯಾಯವಂತ. ನಾನು ಮೇಲ್ಮನವಿ ಬರೆದು ಕಳಿಸಿದೆ. ಅಕ್ಕ ಬರುವುದನ್ನು ನಿಲ್ಲಿಸಿದರು.

ಎರಡು ವಾರ ಕಾದು ನಾನೇ ಕಾಣಿಯೂರಿಗೆ ಹೋದೆ. ಅವರು ಮೆಷಿನಿನ ಮುಂದೆ ಕೂತು ಬಲಗಾಲನ್ನು ಪಕ್ಕಕ್ಕೆ ಚಾಚಿ, ಎಡಗಾಲೊಂದರಿಂದಲೇ ತುಳಿಯುತ್ತಿದ್ದರು. ಸೊಂಟ ಒಂದು ಬದಿಗೆ ಸೊಟ್ಟಗಾಗಿತ್ತು. ಆಪರೇಷನ್ ಆದ ಬೆನ್ನಿಗೆ ಯಾವುದು ಕೂಡದೋ ಅದನ್ನೇ ಮಾಡುತ್ತಿದ್ದರು.

“ದುಡ್ಡು ಬೇಡ, ನಾಳೆಯಿಂದ ಬನ್ನಿ,” ಎಂದೆ.

“ಪುಕ್ಕಟೆ ಮದ್ದು ತಾಗುದಿಲ್ಲ ಡಾಕ್ಟ್ರೆ.”

“ನರ ಎಂತ ರಶೀದಿ ನೋಡಿ ಏಳುದಾ ಅಕ್ಕ?” ನನ್ನ ಸ್ವರ ಏರಿತ್ತು. “ಸರಿ, ಪುಕ್ಕಟೆ ಬೇಡ. ಎಲೆಯಲ್ಲಿ ಒಂದು ರೂಪಾಯಿ ಇಡಿ, ಸಾಕು.”

ಅವರು ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ. “ಹಳೇ ಪಂಡಿತ್ರ ಹತ್ರ ಆದ್ರೆ ಇಡ್ಬಹುದಿತ್ತು. ಅಲ್ಲಿ ಎಷ್ಟು ಅಂತ ಬರ್ದಿರುದಿಲ್ಲ. ನೀವು ಗೋಡೆಯಲ್ಲೇ ಬರ್ದಿದ್ದೀರಲ್ಲ. ಅದು ನೋಡಿದ ಮೇಲೆ ಕಡಿಮೆ ಇಟ್ರೆ ನಿಮಗೆ ಸಾಲ ಉಳ್ದ ಹಾಗೆ ಆಗ್ತದೆ. ಇನ್ಶೂರೆನ್ಸಿನದ್ದು ಬರ್ಲಿ, ಬರ್ತೇನೆ.”

ಇಂಥ ಮೊಂಡುತನವನ್ನು ಸ್ವಾಭಿಮಾನವೆಂದು ಕರೆಯುವವರು ಕರೆಯಲಿ. ನನಗೆ ಬಂದದ್ದು ಸಿಟ್ಟು. ಪಾದ ಒಂದನ್ನು ಬಿಟ್ಟು ಉಳಿದೆಲ್ಲದರ ಮರ್ಯಾದೆ ಆ ಅಂಗಡಿಯಲ್ಲಿ ಉಳಿದಿತ್ತು. ಬಸ್ಸಿನಲ್ಲಿ ಪುತ್ತೂರು ಮುಟ್ಟುವವರೆಗೂ ನಾನು ಒಳಗೊಳಗೇ ಬೈಯುತ್ತಿದ್ದೆ, ಯಾರನ್ನು ಎಂದು ಗೊತ್ತಾಗದೆ.

ಮೇಲ್ಮನವಿಯ ಮೇಲೆ ಕಂಪೆನಿಯ ತನಿಖೆಯವನು ಬರುವ ಹೊತ್ತಿಗೆ ಕೆಲವು ತಿಂಗಳೇ ಕಳೆದಿದ್ದವು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಈ ಪ್ರದೇಶದ ರೂಢಿಯ ದರ ಯಾವುದೆಂದು ಕಂಡುಹಿಡಿಯುವುದು ಅವನ ಕೆಲಸ. ಪೆರಾಬೆಯ ಕಡೆ ಒಬ್ಬ ನಾಟಿ ವೈದ್ಯರನ್ನು ಕೇಳಿದನಂತೆ, ಅವರು ವೀಳ್ಯದೆಲೆ ತೋರಿಸಿದರಂತೆ. ಬೆಳಕಿನ ಬೋರ್ಡಿನವನನ್ನು ಕೇಳಿದನಂತೆ, ಅವನು ಪ್ಯಾಕೇಜು ತೋರಿಸಿದನಂತೆ.

“ಎಲೆಗೂ ಪ್ಯಾಕೇಜಿಗೂ ಸರಾಸರಿ ಹೇಗೆ ತೆಗೆಯೋದು ಮೇಡಂ?” ಎಂದು ನನ್ನನ್ನೇ ಕೇಳಿದ. ಅದು ಅವನಿಗೆ ನಿಜವಾದ ಸಮಸ್ಯೆಯಾಗಿತ್ತು.

ಮಾತಾಡುತ್ತಾ ಕುರ್ಚಿಯಲ್ಲಿ ಮೂರು ಸಲ ಮಗ್ಗುಲು ಬದಲಿಸಿದ. ಸುಬ್ರಹ್ಮಣ್ಯದ ರಸ್ತೆಯಲ್ಲಿ ಬೈಕು ಹೊಡೆದು ಹೊಡೆದು ಸೊಂಟ ಹಿಡಿದಿದೆ, ಸ್ವಲ್ಪ ನೋಡಬಹುದಾ ಎಂದ. ಮಲಗಿಸಿದೆ. ನೋವು ಯಾರದ್ದಾದರೂ ನನ್ನ ಕೈ ಒಂದೇ ರೀತಿ ಕೆಲಸ ಮಾಡುತ್ತದೆ, ಇದು ನನ್ನ ದೊಡ್ಡಸ್ತಿಕೆಯಲ್ಲ, ಕೈಗೆ ಬೇರೆ ಗೊತ್ತಿಲ್ಲ ಅಷ್ಟೆ. ಎದ್ದು ನಿಂತು ಬಗ್ಗಿ ನೋಡಿದ, ಮುಖ ಅರಳಿತು. ಬೋರ್ಡು ಓದಿ, ಚೌಕಾಸಿ ಇಲ್ಲದೆ ಪೂರ್ತಿ ಹಣ ಎಣಿಸಿಟ್ಟ. ಆಮೇಲೆ ದನಿ ತಗ್ಗಿಸಿದ.

“ಮೇಡಂ, ಬಿಲ್ಲು ಸ್ವಲ್ಪ ಜಾಸ್ತಿಗೆ ಬರೆದುಕೊಡ್ತೀರಾ? ನಮಗೆ ಕಂಪೆನಿಯಿಂದ ಮೆಡಿಕಲ್ ಖರ್ಚು ವಾಪಸ್ ಸಿಗುತ್ತೆ.”

ನಾನು ಪೆನ್ನು ಕೆಳಗಿಟ್ಟೆ. “ಬಿಲ್ಲು ಹೇಗೆ ಕೊಡುವುದು? ನಾನು ಹಣವನ್ನೇ ತೆಗೆದುಕೊಳ್ಳುವವಳಲ್ಲ ಎಂದು ನಿಮ್ಮ ಕಂಪೆನಿ ಬರೆದು ತಿಳಿಸಿದೆ. ನೀವು ಈಗ ಮೇಜಿನ ಮೇಲೆ ಇಟ್ಟದ್ದು ಎಂತದು ಹಾಗಾದರೆ?”

ಅವನ ಕಿವಿ ಕೆಂಪಾಯಿತು. ಬೋರ್ಡು ನೋಡಿದ, ತಾನಿಟ್ಟ ನೋಟು ನೋಡಿದ. ಕೊಟ್ಟಷ್ಟಕ್ಕೇ ಬಿಲ್ಲು ಬರೆದು ಅವನ ಕಡೆ ತಳ್ಳಿದೆ. ಮಡಚಿ ಜೇಬಿಗೆ ಹಾಕಿಕೊಂಡ. ಆ ತಿಂಗಳ ಕೊನೆಗೆ ಅಕ್ಕನ ಕ್ಲೇಮು ಪೂರ್ತಿ ಮಂಜೂರಾಯಿತು. ನನ್ನ ದರವೇ ಈ ಪ್ರದೇಶದ ರೂಢಿಯ ದರವೆಂದು ಒಪ್ಪಿದ್ದರು. ನ್ಯಾಯ ಸಿಕ್ಕಿತೆಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಒಬ್ಬನ ಸೊಂಟ ಹಿಡಿಯದಿದ್ದರೆ ಅದೂ ಇಲ್ಲ.

ಹಣ ಬಂದ ವಾರದಲ್ಲೇ ಅಕ್ಕ ದರ್ಬೆಗೆ ಬಂದರು. ಒಳ್ಳೆಯ ಸೀರೆ ಉಟ್ಟಿದ್ದರು. ಮೆಟ್ಟಿಲು ಹತ್ತುವಾಗ ಬಲಗಾಲಿನ ಚಪ್ಪಲಿ ಪ್ರತಿ ಮೆಟ್ಟಿಲಿಗೂ ತಾಗುವ ಸದ್ದು ನನಗೆ ಕೆಳಗಿನಿಂದಲೇ ಕೇಳುತ್ತಿತ್ತು.

“ದುಡ್ಡು ಬಂತು ಡಾಕ್ಟ್ರೆ. ಈಗ ಕೊಡ್ಲಿಕ್ಕೆ ಉಂಟು. ಶುರು ಮಾಡುವ,” ಎನ್ನುತ್ತಾ ತಾವೇ ಮಂಚ ಹತ್ತಿದರು.

ಪಾದ ಎತ್ತಿ ಎಂದೆ. ಹೆಬ್ಬೆರಳು ಅಲುಗಿತು, ಪಾದ ಏಳಲಿಲ್ಲ. ಮೊಣಕಾಲಿನ ಕೆಳಗಿನ ಮಾಂಸ ಇಳಿದುಹೋಗಿತ್ತು. ಬೆರಳು ಒತ್ತಿ ನರದ ಜೀವವನ್ನು ಬಹಳ ಹೊತ್ತು ಹುಡುಕಿದೆ. ಎರಡು ಬೆರಳಿನಷ್ಟು ಎದ್ದಿದ್ದ ಪಾದ ಅದು. ಇನ್ನೊಮ್ಮೆ ಎತ್ತಿ ಎಂದೆ, ಇನ್ನೂ ಒಮ್ಮೆ ಎಂದೆ.

“ಇನ್ನೆಷ್ಟು ಸಮಯ ಬರ್ಬೇಕು ಡಾಕ್ಟ್ರೆ?”

ಸುಳ್ಳು ಹೇಳಿ ಇನ್ನೊಂದು ತಿಂಗಳು ಬರಹೇಳುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಪ್ಯಾಕೇಜು ಮಾಡಿಕೊಡುವವರೂ ಇದ್ದಾರೆ.

“ಬರುದು ಬೇಡ ಅಕ್ಕ,” ಎಂದೆ. “ಕೊಡ್ಲಿಕ್ಕೆ ಈಗ ನನ್ನ ಹತ್ರ ಎಂತ ಇಲ್ಲ.”

ಅವರು ನಿಧಾನ ಇಳಿದು ಚಪ್ಪಲಿಯನ್ನು ಕೈಯಿಂದ ಹಿಡಿದು ಹಾಕಿಕೊಂಡರು. ಮೆಷಿನಿಗೆ ಮೋಟಾರು ಕೂರಿಸಿದರೆ ಎಡಗಾಲೇ ಸಾಕಾಗುತ್ತದಂತೆ, ಸುಳ್ಯದಲ್ಲಿ ಯಾರೋ ಕೂರಿಸಿಕೊಡುತ್ತಾರಂತೆ ಎಂದರು. ಹೌದು ಎಂದೆ.

ಅವರು ಇಳಿದುಹೋದ ಮೇಲೆ ನೋಡಿದರೆ ಮೇಜಿನ ಮೂಲೆಯಲ್ಲಿ ಮಡಚಿದ ವೀಳ್ಯದೆಲೆ ಇತ್ತು. ಬಿಡಿಸಿದೆ. ಬೋರ್ಡಿನಲ್ಲಿ ಬರೆದಷ್ಟೂ ಇತ್ತು, ಮೇಲೆ ಒಂದು ರೂಪಾಯಿ.